ಮೇಜು ಅದೇ, ಚೆಂಡುಗಳು ಆರು

ಕೇಳುಗರಿಗೆ ನಮಸ್ಕಾರ. ಸ್ನೂಕರ್ ಎಂದ ಕೂಡಲೇ ಹಸಿರು ಬಟ್ಟೆ ಹೊದಿಸಿದ ಹನ್ನೆರಡು ಅಡಿ ಉದ್ದದ ಮೇಜು ಮತ್ತು ಅದರ ಮೇಲೆ ತ್ರಿಕೋನಾಕಾರದಲ್ಲಿ ಒತ್ತಾಗಿ ಜೋಡಿಸಿದ ಹದಿನೈದು ಕೆಂಪು ಚೆಂಡುಗಳು ಕಣ್ಣ ಮುಂದೆ ಬರುತ್ತವೆ. ನಾನು ಇಂದು ಹೇಳಹೊರಟಿರುವುದು ಇದೇ ಮೇಜಿನ ಮೇಲೆ ಬರೀ ಆರು ಕೆಂಪು ಚೆಂಡುಗಳನ್ನಿಟ್ಟು ಆಡುವ ‘ಸಿಕ್ಸ್ ರೆಡ್’ ಎಂಬ ಕಿರು ಪ್ರಕಾರದ ಬಗ್ಗೆ, ಅದರಲ್ಲೂ 2015ರ ಆಗಸ್ಟ್ ತಿಂಗಳಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ನಡೆದ ಅದರ ವಿಶ್ವ ಚಾಂಪಿಯನ್‌ಷಿಪ್‌ನ ಬಗ್ಗೆ.

ನಾನು ಸಂಜೆ ಹೊತ್ತು ಹೋಗುವ ಕ್ಲಬ್ಬಿನಲ್ಲಿ ಆರು ಚೆಂಡುಗಳಿಗೆಂದೇ ಬೇರೆ ಚೌಕಟ್ಟಿಲ್ಲ. ಹದಿನೈದು ಚೆಂಡು ಹಿಡಿಯುವ ದೊಡ್ಡ ತ್ರಿಕೋನದ ಮೂಲೆಯಲ್ಲೇ ಒಂದು, ಎರಡು, ಮೂರು ಎಂದು ಮೂರು ಸಾಲಾಗಿ ಚೆಂಡುಗಳನ್ನಿಟ್ಟು, ಹಿಂದಿನ ಸಾಲು ಜರುಗದಂತೆ ಬೆರಳುಗಳಿಂದ ಒತ್ತಿ ಹಿಡಿದು, ಚೌಕಟ್ಟನ್ನು ಮೆಲ್ಲಗೆ ಮೇಲೆತ್ತುತ್ತಾರೆ. ಅಷ್ಟು ದೊಡ್ಡ ಮೇಜಿನ ಮೇಲೆ ಆ ಪುಟ್ಟ ಗುಂಪನ್ನು ನೋಡಿದವರಿಗೆ ಇದು ಸುಲಭದ ಆಟವೆಂದೇ ತೋರುತ್ತದೆ. ಹಾಗೆ ತೋರುವುದು ಸಹಜವೇ ಆದರೂ ಅದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣವನ್ನು ಲೆಕ್ಕ ಹಾಕಿಯೇ ನೋಡಬಹುದು. ಕೆಂಪು ಚೆಂಡಿಗೆ ಒಂದು ಅಂಕ, ಕಪ್ಪು ಚೆಂಡಿಗೆ ಏಳು. ಪ್ರತಿ ಕೆಂಪಿನ ಬೆನ್ನಿಗೆ ಕಪ್ಪನ್ನೇ ಪಾಟ್ ಮಾಡುತ್ತ, ಅಂದರೆ ಪಾಕೆಟ್ಟಿಗೆ ಬೀಳಿಸುತ್ತ ಹೋಗಿ, ಕೊನೆಯಲ್ಲಿ ಕಪ್ಪೂ ಸೇರಿ ಉಳಿಯುವ ಆರು ಬಣ್ಣದ ಚೆಂಡುಗಳ 27 ಅಂಕಗಳನ್ನೂ ಪಡೆದರೆ ಪೂರ್ಣ ಸ್ನೂಕರ್‌ನಲ್ಲಿ ಸಿಗುವ ಗರಿಷ್ಠ ಬ್ರೇಕ್, ಅಂದರೆ ಒಂದೇ ಸರದಿಯ ಅಂಕಗಳ ಮೊತ್ತ, 147. ಸಿಕ್ಸ್ ರೆಡ್‌ನಲ್ಲಿ ಅದು 75. ಪೂರ್ಣ ಆಟದಲ್ಲಿ ಒಬ್ಬನು ಒಂದೇ ಸರದಿಯಲ್ಲಿ ಫ್ರೇಮನ್ನು, ಅಂದರೆ ಪಂದ್ಯದ ಒಂದು ಸುತ್ತನ್ನು, ಎದುರಾಳಿಯ ಕೈಗೆ ಸಿಗದಂತೆ ಮಾಡಬೇಕಾದರೆ ಹತ್ತು ಕೆಂಪು ಮತ್ತು ಒಂಬತ್ತು ಕಪ್ಪು, ಅಂದರೆ ಹತ್ತೊಂಬತ್ತು ಹೊಡೆತಗಳು ಬೇಕು. ಇಲ್ಲಿ ಐದು ಕೆಂಪು, ಐದು ಕಪ್ಪು ಸಾಕು: ನಲವತ್ತು ಅಂಕಗಳು ಬಂದಿರುತ್ತವೆ, ಮೇಜಿನ ಮೇಲೆ ಉಳಿದಿರುವುದು ಮೂವತ್ತೈದು ಮಾತ್ರ. ಆದ್ದರಿಂದ ಪೂರ್ಣ ಆಟದಲ್ಲಿ ಒಂದು ಚೆಂಡು ತಪ್ಪಿದವನಿಗೆ ಮರಳಿ ಮೇಜಿಗೆ ಬರುವ ಅವಕಾಶ ಸಾಮಾನ್ಯವಾಗಿ ಇದ್ದೇ ಇರುವಾಗ, ಇಲ್ಲಿ ಅದೇ ತಪ್ಪು ಮಾಡಿದವನು ಕುರ್ಚಿಯಲ್ಲಿ ಕುಳಿತು ಎದುರಾಳಿಯ ಹತ್ತು ಹೊಡೆತಗಳನ್ನು ಎಣಿಸುವಷ್ಟರಲ್ಲಿ ಫ್ರೇಮ್ ಮುಗಿದಿರುತ್ತದೆ.

ವೃತ್ತಿಪರ ಆಟಗಾರರ ಸಿಕ್ಸ್ ರೆಡ್ ಪಂದ್ಯಾವಳಿ 2008ರಿಂದ ಬಹುಮಟ್ಟಿಗೆ ಥಾಯ್ಲೆಂಡಿನಲ್ಲೇ ಬೆಳೆಯಿತು. 2015ರಲ್ಲಿ ಆ ದೇಶದವರೇ ಆದ ತೆಪ್ಚಯ್ಯಾ ಉನ್-ನೂ ಅದನ್ನು ಗೆದ್ದರು. ಕರಾಚಿಯದು ಬೇರೆ ಪಂದ್ಯಾವಳಿ. ಅದು ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟಕ್ಕೆ ಸೇರಿದ್ದು.

ಬೆಂಗಳೂರಿನ ಪಂಕಜ್ ಅಡ್ವಾಣಿ ಅಲ್ಲಿಗೆ ಹೋದದ್ದು ಹಾಲಿ ಚಾಂಪಿಯನ್ ಆಗಿ. ಅರವಿಂದ್ ಸವೂರ್ ಅವರ ಗರಡಿಯಲ್ಲಿ ಪಳಗಿದ ಅಡ್ವಾಣಿ 2003ರಲ್ಲೇ ಚೀನಾದಲ್ಲಿ ಪೂರ್ಣ ಸ್ನೂಕರ್‌ನ ವಿಶ್ವ ಕಿರೀಟ ಗೆದ್ದಿದ್ದರು. 2014ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಸಿಕ್ಸ್ ರೆಡ್ ಪ್ರಶಸ್ತಿಯನ್ನೂ ಪಡೆದು, ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ದೀರ್ಘ ಹಾಗೂ ಕಿರು ಪ್ರಕಾರಗಳ ವಿಶ್ವ ಪ್ರಶಸ್ತಿಗಳನ್ನು ಗೆದ್ದ ಮೊದಲಿಗರಾಗಿದ್ದರು.

ಫೈನಲ್‌ನಲ್ಲಿ ಅವರೆದುರು ನಿಂತದ್ದು ಹದಿನೈದು ವರ್ಷದ ಹುಡುಗ, ಚೀನಾದ ಯಾನ್ ಬಿಂಗ್‌ಟಾವೊ. ವಯಸ್ಸು ನೋಡಿ ಹಗುರವಾಗಿ ಎಣಿಸುವಂಥ ಆಟಗಾರ ಅವನಲ್ಲ. ಹಿಂದಿನ ವರ್ಷದ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ, ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಅವರನ್ನು ಕೊನೆಯ ಫ್ರೇಮಿನವರೆಗೂ ಸಾಗಿದ ಹೋರಾಟದಲ್ಲಿ 8-7ರಿಂದ ಮಣಿಸಿ, ಹದಿನಾಲ್ಕನೆಯ ವಯಸ್ಸಿಗೇ ಆ ಕಿರೀಟ ತೊಟ್ಟವನು ಅವನು. ಕರಾಚಿಗೆ ಬರುವ ಎರಡು ತಿಂಗಳ ಮುಂಚೆಯಷ್ಟೇ, ವೃತ್ತಿಪರರ ತಂಡಗಳು ಸೆಣಸಿದ ವಿಶ್ವಕಪ್ಪನ್ನು ಝೌ ಯೂಲಾಂಗ್ ಜೊತೆಗೂಡಿ ಚೀನಾಕ್ಕೆ ಗೆದ್ದುಕೊಟ್ಟಿದ್ದನು. ಬೆಂಗಳೂರಿನಲ್ಲಿ ಗೆದ್ದ ಚೀನಾದ ಹುಡುಗನನ್ನು ಬೆಂಗಳೂರಿನ ಆಟಗಾರ ಕರಾಚಿಯಲ್ಲಿ ಎದುರಿಸಿದ ಆ ಪಂದ್ಯವನ್ನು ನೆನೆದಾಗಲೆಲ್ಲ ನನಗೆ ಈಗಲೂ ರೋಮಾಂಚನವಾಗುತ್ತದೆ.

ಆರು ಫ್ರೇಮ್ ಮೊದಲು ಗೆದ್ದವರಿಗೆ ಪ್ರಶಸ್ತಿ. ಅಡ್ವಾಣಿ 6-2ರಿಂದ ಗೆದ್ದರು. ಒಂದು ತಪ್ಪಿಗೆ ಒಂದು ಫ್ರೇಮನ್ನೇ ತೆರಬೇಕಾದ ಆಟದಲ್ಲಿ ಅಂಥ ಎದುರಾಳಿಗೆ ಎರಡೇ ಫ್ರೇಮ್ ಬಿಟ್ಟುಕೊಡುವುದೆಂದರೆ ಎಷ್ಟು ಏಕಾಗ್ರತೆ ಬೇಕೆಂಬುದನ್ನು ಕ್ಯೂ ಎಂಬ ಆಟದ ಕೋಲು ಹಿಡಿದವರು ಬಲ್ಲರು. ಚೆಂಡನ್ನು ಪಾಕೆಟ್ಟಿಗೆ ಬೀಳಿಸುವುದು ಕೆಲಸದ ಅರ್ಧ ಭಾಗ ಮಾತ್ರ. ಕ್ಯೂನಿಂದ ಹೊಡೆಯುವ ಬಿಳಿ ಚೆಂಡು ಮೇಜಿನ ಅಂಚಿನ ಕುಷನ್ನಿಗೆ ತಾಗಿ ಮರಳಿ ಬಂದು ಮುಂದಿನ ಹೊಡೆತಕ್ಕೆ ಒದಗುವ ಜಾಗದಲ್ಲೇ ನಿಲ್ಲುವಂತೆ ಮಾಡುವುದು ಉಳಿದರ್ಧ. ಅಡ್ವಾಣಿಯವರ ಬಿಲಿಯರ್ಡ್ಸ್ ಅಭ್ಯಾಸ ಇಲ್ಲಿ ಅವರ ಕೈ ಹಿಡಿಯಿತೆಂದು ನಾನು ನಂಬುತ್ತೇನೆ, ಏಕೆಂದರೆ ಮೂರೇ ಚೆಂಡುಗಳ ಆ ಆಟದಲ್ಲಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದೇ ಸರ್ವಸ್ವ.

ಆರು ವರ್ಷಗಳ ನಂತರ, 2021ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ನಡೆದ ಸಿಕ್ಸ್ ರೆಡ್ ವಿಶ್ವಕಪ್‌ನ ಫೈನಲ್‌ನಲ್ಲಿ ಅವರಿಗೆ ಎದುರಾದವರು ಪಾಕಿಸ್ತಾನದ ಬಾಬರ್ ಮಸೀಹ್. ಅಂದು ಕರಾಚಿಯಷ್ಟು ನಿರಾಳವಾಗಿ ಗೆಲುವು ಒಲಿಯಲಿಲ್ಲ. ಹನ್ನೆರಡನೆಯ ಫ್ರೇಮಿನವರೆಗೂ ಆಡಿ 7-5ರಿಂದ ಗೆದ್ದರು. ನಮಸ್ಕಾರ.