ತೆಳುಗಾಳಿಯಲ್ಲಿ ಡಕೋಟ

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಬಜಪೆಯ ಹೊಸ ನಿಲ್ದಾಣಕ್ಕೆ ಬಂದಿಳಿದದ್ದು ಡಗ್ಲಾಸ್ ಡಿಸಿ-3 ವಿಮಾನದಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಅದು ಡಕೋಟ. ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸಿನಲ್ಲಿರುವ ಬಜಪೆಯಿಂದ ಸಲೀಸಾಗಿ ಏರುವ ಈ ವಿಮಾನವು ಎತ್ತರದ ಊರಿನಲ್ಲಿ, ಅದೂ ನಡುಹಗಲಿನಲ್ಲಿ, ಏಕೆ ತಿಣುಕುತ್ತದೆ? ಅಲ್ಲಿ ಗಾಳಿ ತೆಳು.

ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ, ಹಾಗಾದರೆ ವಿಮಾನವನ್ನೂ ಎತ್ತಬೇಡವೇ ಎಂದು ಕೇಳುವವರಿಗೆ ಉತ್ತರ ಕೊಟ್ಟು ನನಗೆ ಸಾಕಾಗಿದೆ. ಎತ್ತುವುದಿಲ್ಲ, ಸ್ವಾಮಿ! ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಆಗ ಎಂಜಿನ್ನಿಗೆ ಉಸಿರು ಸಾಲದು, ಪ್ರೊಪೆಲ್ಲರಿಗೆ ಹಿಂದಕ್ಕೆ ತಳ್ಳಲು ಗಾಳಿ ಸಾಲದು, ರೆಕ್ಕೆಗೂ ಆಧಾರ ಸಾಲದು.

1948ರ ಮೇ ತಿಂಗಳ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಶ್ರೀನಗರದಿಂದ ಲಡಾಖಿನ ಲೇಹ್‌ಗೆ ಡಕೋಟವನ್ನು ಹಾರಿಸಿದರು. ಪಾಕಿಸ್ತಾನದ ಕಡೆಯ ದಾಳಿಕೋರರು ಲೇಹ್‌ನತ್ತ ನುಗ್ಗುತ್ತಿದ್ದ ಕಾಲವದು. ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರು ತಾವೇ ಆ ವಿಮಾನದಲ್ಲಿ ಕುಳಿತಿದ್ದರು. ಒಳಗೆ ಗಾಳಿಯ ಒತ್ತಡವನ್ನು ಕಾಯುವ ವ್ಯವಸ್ಥೆಯೇ ಇಲ್ಲದ ವಿಮಾನ, ಸುತ್ತಲೂ ಹಿಮಾಲಯದ ಶಿಖರಗಳು, ಕೆಳಗೆ ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು ಅವರು ಸಿಂಧೂ ನದಿಯ ಬಳಿ ಸಿದ್ಧಪಡಿಸಿದ್ದ ಮರಳಿನ ಓಡುದಾರಿ. ಅಲ್ಲಿ ಇಳಿದರು! ಮುಂದೆ ಇದೇ ಹಾದಿಯಲ್ಲಿ ಸೈನಿಕರನ್ನು ಸಾಗಿಸಿ ಲೇಹ್ ಅನ್ನು ಉಳಿಸಿಕೊಳ್ಳಲಾಯಿತು. ಇದನ್ನು ಹೇಳುವಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಅಲ್ಲಿಂದ ಮತ್ತೆ ಏರುವುದು ಎಂಥ ಕೆಲಸವೆಂದು ಲೆಕ್ಕ ಹಾಕಿ. ಲೇಹ್ ನಿಲ್ದಾಣದ ಎತ್ತರ ಸುಮಾರು 10,700 ಅಡಿ. ಬಿಸಿಲು 25 ಡಿಗ್ರಿಗೆ ಏರಿದರೆ ವಿಮಾನದ ಪಾಲಿಗೆ ಅದು 14,000 ಅಡಿಗೂ ಮೇಲಿನ ಗಾಳಿ. ಎದುರುಗಾಳಿಯ ಒತ್ತಡವನ್ನು ಅಳೆದು ವೇಗ ಹೇಳುವ ವೇಗಮಾಪಕದ ಮುಳ್ಳು ನೆಲ ಬಿಡುವಾಗ ಎಂದಿನ ಅಂಕೆಯನ್ನೇ ತೋರಿಸುತ್ತದೆ, ಆದರೆ ಗಾಳಿ ತೆಳುವಾದ್ದರಿಂದ ನೆಲ ಬಿಡುವ ಮುನ್ನ ಚಕ್ರಗಳು ಸಮುದ್ರಮಟ್ಟದಲ್ಲಿ ಓಡುವುದಕ್ಕಿಂತ ಕಾಲು ಭಾಗದಷ್ಟು ಹೆಚ್ಚು ವೇಗದಲ್ಲಿ ಓಡಬೇಕು. ಅದೂ ಸೊರಗಿದ ಎಂಜಿನ್ನುಗಳ ಬಲದಲ್ಲಿ. ಓಡುದಾರಿ ಉದ್ದವಾಗಿದ್ದರೆ ಸಾಕೆಂಬುದು ಅರ್ಧ ಮಾತು. ನೆಲ ಬಿಟ್ಟ ಮೇಲೂ ಗಾಳಿ ತೆಳುವಾಗಿಯೇ ಇರುತ್ತದೆ, ಎದುರಿಗೆ ಬೆಟ್ಟವೂ ಇರುತ್ತದೆ.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಸೂಪರ್‌ಚಾರ್ಜರ್ ಎಂಬ ಗಾಳಿದೂಡುವ ಯಂತ್ರವು ಎಂಜಿನ್ನಿಗೆ ಒಂದು ಎತ್ತರದವರೆಗೆ ಮಾತ್ರ ನೆರವಾಗುತ್ತದೆ, ರೆಕ್ಕೆಗೆ ಅದರಿಂದ ಏನೂ ಸಿಗದು. ತೆಳುಗಾಳಿಗೆ ತಕ್ಕಂತೆ ಎಂಜಿನ್ನಿಗೆ ಹರಿಯುವ ಪೆಟ್ರೋಲನ್ನೂ ತಗ್ಗಿಸಬೇಕು, ಇಲ್ಲದಿದ್ದರೆ ಎಂಜಿನ್ ಕೆಮ್ಮುತ್ತದೆ. ಹೊರೆ ಇಳಿಸಿ, ನಸುಕಿನ ತಂಪಿನಲ್ಲೇ ಹೊರಡಬೇಕು. ನಮಸ್ಕಾರ.