ಹಾಡು ಕಳಿಸುವಾಗ ಮಳೆಯ ಹೆಸರೂ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಮಳೆ ಜೋರಾದರೆ ಕೈ ಎತ್ತಿ, ನಾನು ಸುಮ್ಮನಾಗುತ್ತೇನೆ. ತಗಡಿನ ಸೂರಿನ ಕೆಳಗೆ ಮಳೆಯ ಜೊತೆ ಪೈಪೋಟಿ ಮಾಡಿ ಗೆದ್ದ ಭಾಷಣಕಾರರು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಋತುಗಳ ಬಗ್ಗೆ, ಹಾಡುಗಳ ಬಗ್ಗೆ ಮಾತಾಡಿ, ಕೇಳೋಕೆ ಒಂದಿಷ್ಟು ಹಾಡುಗಳನ್ನೂ ಹೇಳಿ ಅಂತ ಸಂಘಟಕರು ಕೇಳಿದ್ದಾರೆ. ಋತು ಆರು ಅಂತ ಪುಸ್ತಕದಲ್ಲಿದೆ. ಆದರೆ ತೀರ್ಥಹಳ್ಳಿ ಸಂತೆಯಲ್ಲಿ ನಿಂತು "ಈಗ ವರ್ಷ ಋತು" ಅಂದು ನೋಡಿ, ಜನ ನಿಮ್ಮನ್ನು ಒಂಥರಾ ನೋಡುತ್ತಾರೆ. ನಮ್ಮ ಲೆಕ್ಕ ನಡೆಯುವುದು ಮಳೆ ನಕ್ಷತ್ರದ ಮೇಲೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಒಂದೊಂದಕ್ಕೂ 13-14 ದಿನ. ಸೂರ್ಯ ಆ ನಕ್ಷತ್ರಕ್ಕೆ ಬಂದರೆ ಆ ಮಳೆ ಹುಟ್ಟಿತು ಅನ್ನುತ್ತೇವೆ, ಹನಿ ಬೀಳಲಿ ಬಿಡಲಿ. ಹಾಗಾಗಿ ನನ್ನ ಹಾಡುಗಳೂ ಅದೇ ಲೆಕ್ಕದಲ್ಲಿ ಬರುತ್ತವೆ.

ಈಗ ಹಾಡು ಹಂಚುವುದು ತುಂಬಾ ಸುಲಭ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ನಾಲ್ಕೈದು ಲಿಂಕ್ ಬಂದಿರುತ್ತವೆ, ಕೆಳಗೆ "ಸೂಪರ್ ಇದೆ, ಕೇಳಿ" ಅಂತ ಒಂದು ಸಾಲು. ಯಾರು ಕೇಳುತ್ತಾರೆ? ನಾನಂತೂ ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತೇನೆ, ನೀವೂ ಅಷ್ಟೇ ಅಲ್ವಾ. ಹಾಡಿನಲ್ಲಿ ತಪ್ಪೇನಿಲ್ಲ. ಅದನ್ನು ಯಾವಾಗ ಕೇಳಬೇಕು, ಎಲ್ಲಿ ಕೂತು ಕೇಳಬೇಕು, ಕೇಳುವಾಗ ಕೈಯಲ್ಲಿ ಏನು ಕೆಲಸ ಇರಬೇಕು ಅಂತ ಯಾರೂ ಬರೆಯುವುದಿಲ್ಲ. "ಆರಿದ್ರಾ ಹಿಡಿದ ಮೇಲೆ, ಕರೆಂಟ್ ಹೋದಾಗ, ಒಬ್ಬರೇ ಇದ್ದಾಗ ಕೇಳು" ಅಂತ ಬರೆದರೆ ಆ ಲಿಂಕನ್ನು ನಾನು ಎತ್ತಿಟ್ಟುಕೊಳ್ಳುತ್ತೇನೆ. ಇವತ್ತು ಹೇಳಬೇಕು ಅಂದುಕೊಂಡು ಬಂದದ್ದೂ ಇಷ್ಟೇ. ಹಾಡಿನ ಜೊತೆ ಅದರ ಹೊತ್ತನ್ನೂ ಹೇಳಿ.

ಇದು ನಾನು ಕಂಡುಹಿಡಿದದ್ದಲ್ಲ. ನಮ್ಮ ಮನೆಗಳ ಹೆಂಗಸರು ಯಾವತ್ತೋ ಮಾಡಿಟ್ಟಿದ್ದಾರೆ. ಸಾಗರ, ಹೊಸನಗರ, ಸೊರಬದ ಕಡೆ ಹಳೆಯ ಮನೆಗಳಲ್ಲಿ ಒಂದು ಹಾಡಿನ ಪುಸ್ತಕ ಇರುತ್ತದೆ. ಅಚ್ಚಾದದ್ದಲ್ಲ, ಶಾಲೆಯ ನೋಟ್ ಪುಸ್ತಕದಲ್ಲಿ ಕೈಯಲ್ಲಿ ಬರೆದದ್ದು. ತವರಿನಿಂದ ಬರುವಾಗ ತಂದದ್ದು, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರಿಂದ ಕೇಳಿ ಗೀಚಿಕೊಂಡದ್ದು. ಅದನ್ನು ತೆರೆದು ನೋಡಿ. ಎಣ್ಣೆ ಶಾಸ್ತ್ರದ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಅಂತ ವಿಂಗಡಣೆ. ಯಾರು ಬರೆದರು ಅನ್ನುವುದಕ್ಕಿಂತ ಯಾವಾಗ ಹಾಡಬೇಕು ಅನ್ನುವುದೇ ಅಲ್ಲಿ ಮುಖ್ಯ. ಸ್ವರ ಬರೆಯೋಕೆ ಬರುವುದಿಲ್ಲವಲ್ಲ, ಅದಕ್ಕೆ ಮೇಲೆ "ಧಾಟಿ" ಅಂತ ಬರೆದು ಯಾವುದೋ ಸಿನಿಮಾ ಹಾಡಿನ ಮೊದಲ ಸಾಲು ಹಾಕಿರುತ್ತಾರೆ. ಕೆಳಗೆ ನೋಡಿದರೆ ಗೌರಿ ಹಾಡು! ನಾಯಕ ನಾಯಕಿ ಮರ ಸುತ್ತಿದ ರಾಗದಲ್ಲಿ ಗೌರಮ್ಮನಿಗೆ ಆರತಿ. ಇದನ್ನು ನೋಡಿ ಮೂಗು ಮುರಿಯುವವರಿದ್ದಾರೆ. ನನಗಂತೂ ತುಂಬಾ ಇಷ್ಟ.

ಕ್ಯಾಸೆಟ್ ಕಾಲದವರು ಇಲ್ಲಿ ಎಷ್ಟು ಜನ ಇದ್ದೀರಿ? ಸುಮಾರು ಇದ್ದೀರಿ. ಹಾಗಾದರೆ ಗೊತ್ತಿರುತ್ತದೆ. ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದು ಅಂಗಡಿಗೆ ಕೊಟ್ಟರೆ 90 ನಿಮಿಷದ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ಎರಡೂ ಕಡೆ ತಲಾ 45 ನಿಮಿಷ, ಅಷ್ಟರಲ್ಲಿ ಯಾವುದು ಬೇಕು ಯಾವುದು ಬೇಡ ಅಂತ ತಲೆ ಕೆಡಿಸಿಕೊಳ್ಳಬೇಕಿತ್ತು. ಆ ಕ್ಯಾಸೆಟ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂಸ್ಟು ಹಿಡಿಯುತ್ತಿತ್ತು, ಅದು ಬೇರೆ ಕತೆ.

ರೇಡಿಯೋ ಅಂದರೆ ನಮಗೆ ಭದ್ರಾವತಿ. 1965ರಲ್ಲಿ ಶುರುವಾದ ಕೇಂದ್ರ, 675 ಕಿಲೋಹರ್ಟ್ಸ್. ಕೋರಿಕೆ ಕಾರ್ಯಕ್ರಮಕ್ಕೆ ಜನ ಕಾರ್ಡ್ ಬರೆಯುತ್ತಿದ್ದರು. ಹಾಡಿಗಿಂತ ಹೆಸರುಗಳೇ ಉದ್ದ. ಒಂದು ಊರು, ಆ ಊರಿನ ಇಡೀ ಮನೆಯವರು, ಪಕ್ಕದ ಮನೆಯ ಮಗು, ಆಮೇಲೆ ಹಾಡು. ಮೃಗಶಿರದಲ್ಲಿ ಬರೆದ ಕಾರ್ಡಿಗೆ ಪುನರ್ವಸುವಿನಲ್ಲಿ ಹಾಡು ಬಂದರೂ ಯಾರಿಗೂ ಬೇಸರವಿಲ್ಲ, ಹೆಸರು ಬಂತಲ್ಲ. ಮಳೆಗಾಲದಲ್ಲಿ ಆ ಮೀಡಿಯಂ ವೇವ್ ಕೇಳುವುದೇ ಒಂದು ಸಾಹಸ. ದೂರದಲ್ಲಿ ಮಿಂಚಿದರೂ ರೇಡಿಯೋದಲ್ಲಿ ಕರಕರ ಸದ್ದು. ಮಿಂಚು ಹೊರಡಿಸುವ ಅಲೆಗಳೂ ಅದೇ ಪಟ್ಟಿಯಲ್ಲಿ ಬಂದು ಹಾಡಿನ ಮೇಲೆ ಕೂರುತ್ತವೆ, ಅದಕ್ಕೆ. ಎಷ್ಟೋ ಹಳೆಯ ಹಾಡುಗಳು ನನಗೆ ಈಗಲೂ ಆ ಕರಕರ ಸಮೇತವೇ ನೆನಪಾಗುವುದು.

ಸರಿ, ಹಾಡುಗಳಿಗೆ ಬರೋಣ.

ಮಳೆ ಅಂದ ಕೂಡಲೇ ಸಂಗೀತ ಬಲ್ಲವರು ಮಲ್ಹಾರ್ ರಾಗ ಅನ್ನುತ್ತಾರೆ. ಮಿಯಾನ್ ಕಿ ಮಲ್ಹಾರ್, ಗೌಡ್ ಮಲ್ಹಾರ್, ಮೇಘ. ಭೀಮಸೇನ ಜೋಶಿಯವರ ಮಿಯಾನ್ ಕಿ ಮಲ್ಹಾರ್ ಖಂಡಿತ ಕೇಳಿ. ಎರಡು ನಿಷಾದಗಳು, ಅಂದರೆ ಎರಡು ಬಗೆಯ "ನಿ" ಸ್ವರ, ಒಂದರ ಪಕ್ಕ ಒಂದು ಬಂದು, ಸ್ವರ ಕೆಳಗಿನ ಸ್ಥಾಯಿಯಲ್ಲಿ ಹೊರಳುವಾಗ ಮೋಡ ಕಟ್ಟುವುದು ಕಿವಿಗೇ ಗೊತ್ತಾಗುತ್ತದೆ. ಆದರೆ ನನ್ನ ತಕರಾರು ಇದೆ. ಅದು ಮಳೆಗಾಗಿ ಕಾದವರ ರಾಗ. ಉತ್ತರದ ಬಯಲಿನಲ್ಲಿ ತಿಂಗಳುಗಟ್ಟಲೆ ಬೆಂದು, ಆಕಾಶ ನೋಡಿ ನೋಡಿ ಸುಸ್ತಾದವರ ರಾಗ. ನಮ್ಮಲ್ಲಿ ಆ ಕಾಯುವಿಕೆ ಇರುವುದು ಜೂನ್ ಮೊದಲ ವಾರದವರೆಗೆ ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿ ಜುಲೈ ಕೊನೆಯಲ್ಲಿ ಕೂತು "ಮೋಡವೇ ಬಾ" ಅಂತ ಯಾರು ಕರೆಯುತ್ತಾರೆ ಹೇಳಿ? ಬಟ್ಟೆ ಒಣಗಿಲ್ಲ, ಗೋಡೆ ಒದ್ದೆ, ತೋಟದಲ್ಲಿ ಕೊಳೆ ರೋಗ ಬಂದು ಎಳೆ ಅಡಿಕೆ ಉದುರುತ್ತಿದೆ, ಬೋರ್ಡೋ ದ್ರಾವಣ ಹೊಡೆಯೋಣ ಅಂದರೆ ಒಂದು ಗಂಟೆ ಹೊಳವು ಸಿಗುತ್ತಿಲ್ಲ. ಹಾಗಾಗಿ ಮಲ್ಹಾರ್ ಮೃಗಶಿರಕ್ಕೆ. ಆರಿದ್ರಾಕ್ಕೂ ನಡೆಯುತ್ತದೆ, "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ" ಅನ್ನುವ ಮಾತಿನ ಆಸೆ ಅದರಲ್ಲಿದೆ. ಪುಷ್ಯ ಹಿಡಿದ ಮೇಲೆ ಬೇಡ.

ಪುಷ್ಯ, ಆಶ್ಲೇಷಕ್ಕೆ ಬೇಕಾಗುವುದು ಉದ್ದದ ಸಂಗತಿ. ಮೂರು ನಿಮಿಷದ ಹಾಡು ಆ ಮಳೆಗೆ ಸಾಲುವುದಿಲ್ಲ. ನನ್ನ ಶಿಫಾರಸು ಗಮಕ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವುದು. ಇಲ್ಲೇ ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿ ಇವೆಯಲ್ಲ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಗಮಕಕ್ಕಾಗಿ. ಅವರ ಕುಮಾರವ್ಯಾಸ ಭಾರತದ ವಾಚನ ಹುಡುಕಿ ಕೇಳಿ. ಗಮಕದಲ್ಲಿ ತಾಳದ ಹಂಗಿಲ್ಲ, ತಬಲ ಮೃದಂಗ ಇಲ್ಲ. ಪದ್ಯ ಇಡೀ ಭಾಮಿನಿ ಷಟ್ಪದಿ, ಆದರೆ ಭಾವ ಬದಲಾದ ಹಾಗೆ ರಾಗ ಬದಲಾಗುತ್ತಾ ಹೋಗುತ್ತದೆ. ಒಂದು ಪದ್ಯ, ಆಮೇಲೆ ಅದರ ವ್ಯಾಖ್ಯಾನ, ಮತ್ತೆ ಪದ್ಯ. ಎದ್ದು ಹೋಗಿ ಒಲೆಗೆ ಸೌದೆ ದೂಡಿ ಬಂದು ಕೂತರೂ ಎಳೆ ತಪ್ಪುವುದಿಲ್ಲ. ಹಂಚಿನ ಮೇಲೆ ಮಳೆ ಬೀಳುವಾಗ ಸಣ್ಣ ದನಿ, ದಪ್ಪ ದನಿ ಎಲ್ಲ ಕಲಸಿದ ಒಂದು ಸದ್ದು ಮನೆ ತುಂಬಾ ತುಂಬಿರುತ್ತದೆ. ಮೆಲ್ಲನೆ ಪಿಸುಗುಡುವ ಹೊಸ ಹಾಡುಗಳು ಅದರಲ್ಲಿ ಮುಳುಗಿಹೋಗುತ್ತವೆ. ಎದೆ ತೆರೆದು ಓದುವ ಗಮಕಿಯ ದನಿ ಮುಳುಗುವುದಿಲ್ಲ.

ತಾಳಮದ್ದಳೆಯೂ ಇದೇ ಜಾತಿಯದ್ದು. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಮಳೆಯಲ್ಲಿ ಬಯಲಾಟ ಎಲ್ಲಿ ಆಡುವುದು? ಆಗ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಪದ ಹಾಡುವ ಭಾಗವತರು, ಮದ್ದಳೆ, ಚಂಡೆ, ಎದುರುಬದುರು ಕೂತು ಮಾತಿನಲ್ಲೇ ಪಾತ್ರ ಕಟ್ಟುವ ಅರ್ಥಧಾರಿಗಳು, ಅಷ್ಟೇ. ಥಂಡಿಗೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತಾ ಇರುತ್ತದೆ, ಅವರು ಮತ್ತೆ ಮತ್ತೆ ಬಡಿದು ಏರಿಸುತ್ತಾ ಇರುತ್ತಾರೆ. ರೆಕಾರ್ಡಿಂಗಿನಲ್ಲಿ ಆ ಟಕ್ ಟಕ್ ಕೇಳಿದರೆ ಮಳೆಗಾಲದ್ದೇ ಇರಬೇಕು ಅಂತ ನಾನು ಊಹೆ ಮಾಡುತ್ತೇನೆ.

ಹಂಚು ಸೋರುವ ದಿನಕ್ಕೆ ಶರೀಫರ "ಸೋರುತಿಹುದು ಮನೆಯ ಮಾಳಿಗಿ", ಸಿ. ಅಶ್ವತ್ಥ್ ದನಿಯಲ್ಲಿ. ನಗಬೇಡಿ. ಶರೀಫರದ್ದು ಬಯಲುಸೀಮೆಯ ಮಣ್ಣಿನ ಮಾಳಿಗೆ, ನಮ್ಮದು ಮಂಗ ಓಡಾಡಿ ಹಂಚು ಸರಿಸಿಟ್ಟ ಮಾಡು. ಅವರು ಹೇಳಿದ್ದು ಅಜ್ಞಾನದ ಸೋರಿಕೆ ಅಂತ ಗೊತ್ತು. ಆದರೂ ಕೆಳಗೆ ಬಕೆಟ್ ಇಟ್ಟುಕೊಂಡು ಕೇಳಿದರೆ ಆ ಹಾಡು ಇನ್ನೂ ಚೆನ್ನಾಗಿ ತಟ್ಟುತ್ತದೆ. ಅಶ್ವತ್ಥರ ಜೊತೆ ಶರೀಫರನ್ನು ಮನೆಮನೆಗೆ ಮುಟ್ಟಿಸಿದ ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದವರೇ ಅಲ್ವಾ.

ಇನ್ನೊಂದು ಮಾತು, ಇದು ಕೆಲಸಕ್ಕೆ ಬರುವಂಥದ್ದು. ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಟವರ್ ಸತ್ತಂತೆ. ಹಪ್ಪಳ ಸಂಡಿಗೆ ಮಾಡಿಟ್ಟುಕೊಳ್ಳುವ ಹಾಗೆ ಮೇ ತಿಂಗಳಲ್ಲೇ ಹಾಡುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಊರಿನಲ್ಲಿರುವ ಅಪ್ಪ ಅಮ್ಮನ ಮೊಬೈಲಿಗೂ ಹಾಕಿಕೊಡಿ. ಬೆಂಗಳೂರಿನಿಂದ ಲಿಂಕ್ ಕಳಿಸಿದರೆ ಅದು ಅಲ್ಲಿ ತಿರುಗುತ್ತಾ ಕೂತಿರುತ್ತದೆ ಅಷ್ಟೇ.

ನಿಸಾರ್ ಅಹಮದರು ಇಲ್ಲಿ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರ "ಜೋಗದ ಸಿರಿ ಬೆಳಕಿನಲ್ಲಿ" 1978ರಲ್ಲಿ ನಿತ್ಯೋತ್ಸವ ಕ್ಯಾಸೆಟ್ಟಿನಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂತು. ನಾವು ಅದನ್ನು ನವೆಂಬರ್ 1ಕ್ಕೆ ಮೀಸಲಿಟ್ಟಿದ್ದೇವೆ. ಯಾಕೆ ಸ್ವಾಮಿ? ನವೆಂಬರಿನಲ್ಲಿ ಜೋಗ ಹೋಗಿ ನೋಡಿ. ಮೇಲೆ ಲಿಂಗನಮಕ್ಕಿ ನೀರು ಹಿಡಿದಿಟ್ಟುಕೊಂಡಿದೆ, ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ಸಣ್ಣಗಾಗಿರುತ್ತವೆ. ಆ ಹಾಡನ್ನು ಮಘೆ ಮಳೆಯಲ್ಲಿ, 253 ಮೀಟರ್ ಮೇಲಿನಿಂದ ನೀರು ಬೀಳುವ ಸದ್ದು ಸಾಗರ ರಸ್ತೆಗೇ ಕೇಳುವಂತಿರುವಾಗ ಹಾಕಿ. ರಾಜ್ಯೋತ್ಸವದ ಪೆಂಡಾಲಿನಲ್ಲಿ ಸವೆದುಹೋದ ಹಾಡು ಅದು, ಪಾಪ. ಸ್ವಲ್ಪ ಗಾಳಿ ಬೇಕು ಅದಕ್ಕೆ.

ಇದಕ್ಕೆ ಉಲ್ಟಾ ಉದಾಹರಣೆ "ಮುಂಗಾರು ಮಳೆ". ಜೋಗದಲ್ಲೂ ಚಿತ್ರೀಕರಣವಾದ ಸಿನಿಮಾ, ತುಂಬಾ ಮಳೆ. ಬಿಡುಗಡೆಯಾದದ್ದು ಮಾತ್ರ 2006ರ ಡಿಸೆಂಬರ್ 29ಕ್ಕೆ. ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದಾಗ ಊರೆಲ್ಲ ಮಳೆ ಹಾಡು. ಒಂದು ಹನಿ ಬಿದ್ದರೂ ಎದೆ ಧಸಕ್ಕೆನ್ನುವ ಕಾಲದಲ್ಲಿ! ಆದರೂ ಜನ ಕೇಳಿದರು, ಮುಂದಿನ ಜೂನ್ ತನಕವೂ ಕೇಳಿದರು. ಅಂದರೆ ನನ್ನ ವಾದ ಎಲ್ಲ ಹಾಡಿಗೂ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಹಾಡುಗಳು ನಿಜಕ್ಕೂ ನಮ್ಮವಾದದ್ದು ಆ ಜೂನ್‌ನಲ್ಲೇ.

ದೀಪಾವಳಿಗೆ ನಾನು ಯಾವ ಹಾಡನ್ನೂ ಹೇಳುವುದಿಲ್ಲ, ಅದು ತಾನಾಗಿಯೇ ಮನೆಗೆ ಬರುತ್ತದೆ. ಅಂಟಿಕೆ ಪಂಟಿಕೆ. ಊರ ದೇವರ ಮುಂದೆ ಹಚ್ಚಿದ ದೀಪ ಹಿಡಿದು, ಅದು ಆರದ ಹಾಗೆ ಕಾಪಾಡಿಕೊಂಡು, ಕತ್ತಲಲ್ಲಿ ತೋಟ ಗದ್ದೆ ದಾಟಿ ಮನೆಮನೆಗೆ ಬಂದು ಹಾಡುತ್ತಾರೆ. ಬಾಗಿಲು ತೆಗೆಸುವುದಕ್ಕೆ ಒಂದು ಹಾಡು, ಎಣ್ಣೆ ಎರೆಸುವುದಕ್ಕೆ ಒಂದು, ಬಲೀಂದ್ರನ ಕತೆಗೆ ಒಂದು. ಇಬ್ಬರು ಹೇಳಿದ್ದನ್ನು ಉಳಿದವರು ಎತ್ತಿ ಹಾಡುತ್ತಾರೆ. ಮನೆಯವರು ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು ಎಣ್ಣೆ, ಅಕ್ಕಿ, ದುಡ್ಡು ಕೊಡುತ್ತಾರೆ. ವರ್ಷದ ಉಳಿದ ದಿನ ಅದೇ ಹಾಡುಗಾರರನ್ನು ಚಹಾ ಅಂಗಡಿಯಲ್ಲಿ ಹಿಡಿದು "ಒಂದು ಹೇಳಿ ಮಾರಾಯ್ರೆ" ಅಂದರೆ ಹೇಳುವುದಿಲ್ಲ. ಮೊದಲು ನನಗೆ ಇದು ಬಿಂಕ ಅನ್ನಿಸುತ್ತಿತ್ತು. ಈಗ ಅವರೇ ಸರಿ ಅನ್ನಿಸುತ್ತದೆ.

ಚಳಿಗಾಲದ ರಾತ್ರಿ ದೂರದ ಸಂಗೀತಕ್ಕೆ ಹೇಳಿ ಮಾಡಿಸಿದ್ದು. ಆಕಾಶ ತಿಳಿಯಾಗಿದ್ದರೆ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೇ ಇರುತ್ತದೆ. ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗೇ ಬರುತ್ತದೆ. ಎರಡು ಗುಡ್ಡದ ಆಚೆ ನಡೆಯುವ ಆಟದ ಚಂಡೆ ನಮ್ಮ ಜಗಲಿಗೆ ಕೇಳುವುದು ಹೀಗೆ. ಆ ಹೊತ್ತಿಗೆ ಕಾಳಿಂಗ ನಾವಡರ ಹಳೆಯ ಭಾಗವತಿಕೆ ಹಾಕಿ, ಅಡಿಕೆ ಸುಲಿಯುತ್ತಾ ಕೂರಬೇಕು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರ ಎದುರು ಯಾವ ಹಾಡು ನಿಲ್ಲುತ್ತದೆ ಯಾವುದು ಬೀಳುತ್ತದೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. "ತೆಗಿ ಆ ಹುಡುಗನ ಅಳು" ಅಂದರೆ ಮುಗಿಯಿತು, ಹಾಡು ಬದಲಾಯಿಸಲೇಬೇಕು. ಈಗ ಸುಲಿಯುವ ಯಂತ್ರ ಬಂದಿದೆ. ಕೆಲಸ ಬೇಗ ಆಗುತ್ತದೆ, ಒಳ್ಳೆಯದೇ. ಆ ಗಲಾಟೆಯಲ್ಲಿ ಹಾಡು ಕೇಳುವುದಿಲ್ಲ, ಅದೊಂದು ಲುಕ್ಸಾನು.

ಬೇಸಿಗೆಯನ್ನು ಬೇಗ ದಾಟುತ್ತೇನೆ. ಯುಗಾದಿಗೆ ಬೇಂದ್ರೆಯವರ ಹಾಡು, 1963ರ "ಕುಲವಧು"ವಿನಲ್ಲಿ ಎಸ್. ಜಾನಕಿ ಹಾಡಿದ್ದು, ಯಾರೂ ಶಿಫಾರಸು ಮಾಡಬೇಕಿಲ್ಲ. ಆಮೇಲೆ ಮದುವೆ, ಮೈಕು, ಆರ್ಕೆಸ್ಟ್ರಾ. ಆದರೆ ಏಪ್ರಿಲ್ ಕೊನೆಗೆ ಭರಣಿ ಮಳೆ ಬರುವ ಮುಂಚೆ ಒಂದು ಗಾಳಿ ಏಳುತ್ತದಲ್ಲ, ಸಂಜೆ ನಾಲ್ಕೂವರೆಗೆ, ತರಗೆಲೆಯೆಲ್ಲ ಅಂಗಳದಿಂದ ಒಳಗೆ ನುಗ್ಗುವಂಥದ್ದು, ಆಗ ಶಿವಮೊಗ್ಗ ಸುಬ್ಬಣ್ಣನವರ "ಕಾಡು ಕುದುರೆ ಓಡಿ ಬಂದಿತ್ತ" ಹಾಕಿ. ಕಂಬಾರರ ಪದ, ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಸುಬ್ಬಣ್ಣನವರ ಗಂಟಲು, ಅದಕ್ಕೆ ರಾಷ್ಟ್ರ ಪ್ರಶಸ್ತಿ. ವಾಲ್ಯೂಮ್ ಪೂರ್ತಿ ಇಡಿ. ಕಿಟಕಿ ಹಾಕಬೇಡಿ.

ನನ್ನ ಪಟ್ಟಿಯಲ್ಲಿ ಹಸ್ತ, ಚಿತ್ತೆ, ಸ್ವಾತಿ ಇನ್ನೂ ಖಾಲಿ ಇವೆ. ಗದ್ದೆ ಹೊಡೆ ತುಂಬುವ ಕಾಲ, ಮಧ್ಯಾಹ್ನ ಬಿಸಿಲು, ಸಂಜೆ ಗುಡುಗು. ಯಕ್ಷಗಾನ ಇನ್ನೂ ಶುರುವಾಗಿಲ್ಲ, ಗಮಕ ಸಾಕಾಗಿದೆ. ಏನು ಕೇಳುತ್ತೀರಿ ನೀವು ಆಗ? ಆ ಮೂಲೆಯಲ್ಲಿ ಕೂತ ಅಕ್ಕ ಆಗಲೇ ಏನೋ ಹೇಳಬೇಕು ಅಂತಿದ್ದರು. ಮೈಕ್ ಅವರಿಗೆ ಕೊಡಿ.