ಹಿಮದುಂಡೆ ಎಸೆಯುತ್ತಿದ್ದ ಹುಡುಗ ಒಮೆಗಾ ಆಗಿದ್ದು ಹೇಗೆ?

ನಮಸ್ಕಾರ. ಈಗ ಸ್ಕ್ರೀನ್ ಮೇಲೆ ಇರುವುದು 1963ರ ಸೆಪ್ಟೆಂಬರ್‌ನ ಮಾರ್ವೆಲ್ ಕಾಮಿಕ್ಸ್ 'ಎಕ್ಸ್-ಮೆನ್' ಮೊದಲ ಸಂಚಿಕೆ. ಬರೆದವರು ಸ್ಟಾನ್ ಲೀ, ಚಿತ್ರ ಜ್ಯಾಕ್ ಕರ್ಬಿ ಅವರದು. ಪ್ರೊಫೆಸರ್ ಎಕ್ಸ್ ಕೈಕೆಳಗೆ ಐದು ಜನ ಶಿಷ್ಯರು. ಸೈಕ್ಲಾಪ್ಸ್, ಬೀಸ್ಟ್, ಏಂಜೆಲ್, ಮಾರ್ವೆಲ್ ಗರ್ಲ್, ಐಸ್‌ಮ್ಯಾನ್. ಈ ಐವರನ್ನು ಶಕ್ತಿಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ ಅಂತ ಆ ಕಾಲದ ಓದುಗನಿಗೆ ಹೇಳಿದ್ದರೆ, ಕೊನೆಯಲ್ಲಿ ಯಾರು ನಿಲ್ಲುತ್ತಿದ್ದರು? ನನ್ನ ಪ್ರಕಾರ ಐಸ್‌ಮ್ಯಾನ್ ಮತ್ತು ಮಾರ್ವೆಲ್ ಗರ್ಲ್. ಒಬ್ಬ ಹಿಮದುಂಡೆ ಎಸೆಯುವ ಹದಿನಾರರ ಹುಡುಗ. ಇನ್ನೊಬ್ಬಳು ಮನಸ್ಸಿನಿಂದಲೇ ವಸ್ತುಗಳನ್ನು ಎತ್ತುವವಳು. ಅದೂ ಸ್ವಲ್ಪ ಭಾರ ಜಾಸ್ತಿಯಾದರೆ ಸುಸ್ತಾಗುವವಳು.

ಇವತ್ತು ಆ ಐವರಲ್ಲಿ 'ಒಮೆಗಾ', ಅಂದರೆ ಶಕ್ತಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ, ಅನ್ನಿಸಿಕೊಂಡವರು ಅವರಿಬ್ಬರೇ. ಉಳಿದ ಮೂವರು ಪಟ್ಟಿಯ ಹತ್ತಿರವೂ ಇಲ್ಲ.

ಮಜಾ ಏನು ಗೊತ್ತಾ? ಹುಡುಗ ವ್ಯಾಯಾಮ ಮಾಡಿ, ಗುರು ಹತ್ತಿರ ಕಲಿತು ಬಲಶಾಲಿಯಾದ ಅಂತ ಕಥೆ ಹೇಳುವುದೇ ಇಲ್ಲ. 'ಇವನಲ್ಲಿ ಈ ಶಕ್ತಿ ಮೊದಲಿಂದಲೂ ಇತ್ತು, ನಮಗೆ ಗೊತ್ತಾಗಿರಲಿಲ್ಲ ಅಷ್ಟೇ' ಅನ್ನುತ್ತದೆ. ಊರಲ್ಲಿ ಯಾರಾದರೂ ದೊಡ್ಡ ಹುದ್ದೆಗೆ ಹೋದ ಮೇಲೆ 'ಇವನು ಚಡ್ಡಿ ಹಾಕ್ಕೊಂಡು ಓಡಾಡೋವಾಗಲೇ ನಂಗೆ ಗೊತ್ತಿತ್ತು' ಅನ್ನುವವರಿರುತ್ತಾರಲ್ಲ, ಮಾರ್ವೆಲ್ ಕಥೆಗಾರರು ಆ ಜಾತಿ. ಶಕ್ತಿಯ ರ‍್ಯಾಂಕಿಂಗ್ ಮುಂದಕ್ಕೆ ಬೆಳೆಯುವುದಿಲ್ಲ. ಹಿಂದಕ್ಕೆ ಹೋಗಿ ಹಳೆಯದನ್ನು ತಿದ್ದುತ್ತದೆ.

ಐಸ್‌ಮ್ಯಾನ್‌ನಿಂದಲೇ ಶುರು ಮಾಡೋಣ. ಹೆಸರು ಬಾಬಿ ಡ್ರೇಕ್. ಮೊದಲ ಸಂಚಿಕೆಗಳ ಚಿತ್ರ ನೋಡಿ, ಮೈಯೆಲ್ಲ ಹತ್ತಿ ಮೆತ್ತಿದ ಹಾಗೆ ಬೆಳ್ಳಗೆ, ಗುಂಡಗೆ. ಹಿಮದ ಬೊಂಬೆ. 1964ರ ಎಂಟನೇ ಸಂಚಿಕೆಯಲ್ಲಿ ಆ ಹಿಮ ಗಟ್ಟಿಯಾಗಿ ಪಾರದರ್ಶಕ ಮಂಜುಗಡ್ಡೆ ಆಯಿತು. ಆಮೇಲೆ ಸುಮಾರು ಮೂವತ್ತು ವರ್ಷ ಅವನ ಕೆಲಸ ಅಷ್ಟೇ. ಮಂಜಿನ ಜಾರುಬಂಡೆ ಮಾಡಿ ಜಾರುವುದು, ಶತ್ರುವಿನ ಕಾಲು ನೆಲಕ್ಕೆ ಅಂಟಿಸುವುದು, ಒಂದು ಜೋಕ್ ಹೊಡೆಯುವುದು.

1994ರಲ್ಲಿ ಒಂದು ವಿಚಿತ್ರ ಕಥೆ ಬಂತು. ಎಮ್ಮಾ ಫ್ರಾಸ್ಟ್, ಆಗಿನ್ನೂ ಖಳನಾಯಕಿ, ಕೋಮಾದಲ್ಲಿದ್ದಳು. ಎಚ್ಚರವಾದಾಗ ಅವಳ ಮನಸ್ಸು ಬಾಬಿಯ ದೇಹದೊಳಗೆ ಸೇರಿಕೊಂಡಿತ್ತು. ಅವನ ದೇಹ ತೆಗೆದುಕೊಂಡು ಓಡಿಹೋದಳು. ಓಡುತ್ತಾ ಓಡುತ್ತಾ ಆ ಶಕ್ತಿಯನ್ನು ಹೇಗೆ ಬಳಸಿದಳು ಅಂದರೆ, ಬಾಬಿ ಅಷ್ಟು ವರ್ಷಗಳಲ್ಲಿ ಕನಸಿನಲ್ಲೂ ಯೋಚಿಸಿರದ ಕೆಲಸಗಳೆಲ್ಲ ಅವಳಿಗೆ ಸಲೀಸಾಗಿ ಬಂದವು. ವಾಪಸ್ ಸಿಕ್ಕಿದ ದೇಹದೊಳಗೆ ಕೂತ ಬಾಬಿಗೆ ಹೇಗಾಗಿರಬೇಕು ಹೇಳಿ. ನಿಮ್ಮ ಮನೆಗೆ ಬಂದ ಕಳ್ಳಿ ನಿಮಗೇ ಗೊತ್ತಿಲ್ಲದ ಕೋಣೆಗಳ ಬೀಗ ತೆಗೆದು ಹೋಗಿದ್ದಾಳೆ!

ನನಗೆ ಇದು ಇಡೀ ಎಕ್ಸ್-ಮೆನ್‌ನಲ್ಲೇ ಅತಿ ಜಾಣ ಬಡ್ತಿ. ಯಾಕೆಂದರೆ ಇಲ್ಲಿ ಹೊಸ ಶಕ್ತಿ ಕೊಡಲಿಲ್ಲ, ಹಳೇ ಶಕ್ತಿಯ ಬಗ್ಗೆ ಬಾಬಿಗೆ ಅವಮಾನ ಕೊಟ್ಟರು. 'ನಾನ್ಯಾಕೆ ಪ್ರಯತ್ನವೇ ಮಾಡಲಿಲ್ಲ?' ಅನ್ನುವ ಪ್ರಶ್ನೆ ಅವನಿಗೆ ಅಂಟಿಕೊಂಡಿತು. ಅಲ್ಲಿಂದ ಮುಂದೆ ಬರಹಗಾರರು ಒಬ್ಬೊಬ್ಬರಾಗಿ ಆ ಬಾಗಿಲು ದೂಡುತ್ತಾ ಹೋದರು. ದೇಹ ಪೂರ್ತಿ ಮಂಜುಗಡ್ಡೆ. ಚೂರುಚೂರಾದರೂ ಮತ್ತೆ ಕೂಡಿಕೊಳ್ಳುತ್ತಾನೆ. 2013ರ ಒಂದು ಕಥೆಯಲ್ಲಂತೂ ತಲೆ ಕೆಟ್ಟು ಭೂಮಿಯನ್ನೇ ಹೆಪ್ಪುಗಟ್ಟಿಸುವ ಮಟ್ಟಕ್ಕೆ ಹೋದ.

ಇನ್ನು ಮಾರ್ವೆಲ್ ಗರ್ಲ್, ಅಂದರೆ ಜೀನ್ ಗ್ರೇ. ಇದು ಜಾಸ್ತಿ ಗೋಜಲು, ಸ್ವಲ್ಪ ನಿಧಾನಕ್ಕೆ ಹೋಗೋಣ.

1963ರಲ್ಲಿ ಅವಳಿಗಿದ್ದದ್ದು ವಸ್ತು ಎತ್ತುವ ಶಕ್ತಿ ಮಾತ್ರ. ಬೇರೆಯವರ ಮನಸ್ಸು ಓದುವುದು ಪ್ರೊಫೆಸರ್ ಡಿಪಾರ್ಟ್‌ಮೆಂಟು. ಅರವತ್ತರ ದಶಕದ ಕೊನೆಗೆ ಪ್ರೊಫೆಸರ್ ಸತ್ತ ಅಂತ ಕಥೆ ಮಾಡಿದಾಗ ಟೀಮಿಗೆ ಮನಸ್ಸು ಓದುವವರೇ ಇಲ್ಲದಂತಾಯಿತು. ಸರಿ, ಪ್ರೊಫೆಸರ್ ಹೋಗುವ ಮುಂಚೆ ತನ್ನ ಶಕ್ತಿಯಲ್ಲಿ ಒಂದು ಪಾಲು ಜೀನ್‌ಗೆ ಕೊಟ್ಟಿದ್ದ ಅಂದರು. 1981ರಲ್ಲಿ ಅದನ್ನೂ ತಿದ್ದಿದರು. ಕೊಟ್ಟಿದ್ದಲ್ಲವಂತೆ, ಅವಳದೇ ಅಂತೆ! ಚಿಕ್ಕವಳಿದ್ದಾಗ ಗೆಳತಿ ಆ್ಯನಿ ಅಪಘಾತದಲ್ಲಿ ಕಣ್ಣೆದುರೇ ಸತ್ತಳು. ಸಾಯುವವಳ ಮನಸ್ಸಿನೊಳಗೆ ಜೀನ್ ಸಿಕ್ಕಿಹಾಕಿಕೊಂಡಳು. ಮಗು ತಡೆದುಕೊಳ್ಳಲಾರದು ಅಂತ ಪ್ರೊಫೆಸರ್ ಆ ಶಕ್ತಿಗೆ ತಡೆ ಹಾಕಿದ್ದ.

ನೋಡಿ, ಇಷ್ಟು ಹೇಳಿದ ಕೂಡಲೇ 1963ರ ಸಂಚಿಕೆಗಳ ಅರ್ಥವೇ ಬದಲಾಗಿಬಿಡುತ್ತದೆ. ಬಲ ಕಡಿಮೆ ಇದ್ದ ಹುಡುಗಿ ಹೋಗಿ, ಬಲ ಮುಚ್ಚಿಟ್ಟ ಹುಡುಗಿ ಆದಳು. ಪ್ರೊಫೆಸರ್ ಬಗ್ಗೆ ನನಗಿದ್ದ ಗೌರವವೂ ಸ್ವಲ್ಪ ಇಳಿಯಿತು ಅನ್ನಿ.

ಈ ನಡುವೆ 1976ರಲ್ಲಿ ಫೀನಿಕ್ಸ್ ಎಂಬ ಬ್ರಹ್ಮಾಂಡ ಶಕ್ತಿ ಬಂದಾಗಿತ್ತು. ಬಾಹ್ಯಾಕಾಶ ನೌಕೆ ನ್ಯೂಯಾರ್ಕಿನ ಜಮೈಕಾ ಕೊಲ್ಲಿಗೆ ಬೀಳುತ್ತದೆ, ನೀರಿಂದ ಜೀನ್ ಫೀನಿಕ್ಸ್ ಆಗಿ ಎದ್ದು ಬರುತ್ತಾಳೆ. ಕ್ರಿಸ್ ಕ್ಲೇರ್‌ಮಾಂಟ್ ಬರವಣಿಗೆ, ಮೊದಲು ಡೇವ್ ಕಾಕ್ರಮ್, ಆಮೇಲೆ ಜಾನ್ ಬರ್ನ್ ಚಿತ್ರ. 1980ಕ್ಕೆ ಅವಳು ಒಂದು ನಕ್ಷತ್ರವನ್ನೇ ನುಂಗಿದಳು. ಅದನ್ನು ಸುತ್ತುತ್ತಿದ್ದ ಗ್ರಹದ 500 ಕೋಟಿ ಜನ ಸತ್ತರು. ಕಥೆಗಾರರ ಮೊದಲ ಯೋಜನೆಯಲ್ಲಿ ಅವಳ ಶಕ್ತಿ ಕಿತ್ತುಕೊಂಡು ಮನೆಗೆ ಕಳಿಸುವುದಿತ್ತು. ಮುಖ್ಯ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಜನರನ್ನು ಕೊಂದವಳಿಗೆ ತಕ್ಕ ಶಿಕ್ಷೆ ಆಗಲೇಬೇಕು ಅಂದರು. 137ನೇ ಸಂಚಿಕೆಯಲ್ಲಿ ಜೀನ್ ಸತ್ತಳು.

ಆರು ವರ್ಷಕ್ಕೆ ಹೊಸ ಪತ್ರಿಕೆಗೆ ಹಳೆಯ ಐವರು ಬೇಕಾದರು. ಜೀನ್ ವಾಪಸ್ ಬರಬೇಕು, ಆದರೆ ಕೊಲೆಗಾತಿಯಾಗಿ ಬರಬಾರದು. ಉಪಾಯ ಏನು? ನಕ್ಷತ್ರ ನುಂಗಿದ್ದು ಜೀನ್ ಅಲ್ಲವೇ ಅಲ್ಲ, ಅವಳ ರೂಪ ತಳೆದ ಫೀನಿಕ್ಸ್ ಅಂದರು. ನಿಜವಾದ ಜೀನ್ ಅಷ್ಟು ದಿನ ಅದೇ ಕೊಲ್ಲಿಯ ತಳದಲ್ಲಿ ಒಂದು ಗೂಡಿನೊಳಗೆ ಮಲಗಿದ್ದಳಂತೆ. ಅಂದರೆ 1980ರಲ್ಲಿ ಬ್ರಹ್ಮಾಂಡದಲ್ಲೇ ನಂಬರ್ ಒನ್ ಆಗಿದ್ದವಳು 1986ರಲ್ಲಿ ಮತ್ತೆ ಡಬ್ಬಿ ಎತ್ತುವವಳು. ಪಾಪ, ಮಲಗಿದ್ದಲ್ಲೇ ಹಿಂಬಡ್ತಿ.

'ಒಮೆಗಾ' ಅನ್ನುವ ಮಾತು ಕಾಣಿಸಿಕೊಂಡದ್ದು ಅದೇ 1986ರಲ್ಲಿ. ಭವಿಷ್ಯದಿಂದ ಬಂದ ನಿಮ್ರಾಡ್ ಎಂಬ ರೋಬೋ, ಇನ್ನೊಂದು ಭವಿಷ್ಯದಲ್ಲಿ ಜೀನ್‌ಗೆ ಹುಟ್ಟಿದ ಮಗಳು ರೇಚಲ್ ಸಮ್ಮರ್ಸ್‌ಳನ್ನು ಅಳೆದು ನೋಡಿ ಆ ದರ್ಜೆಗೆ ಹಾಕಿತು. ದರ್ಜೆ ಅಂದರೆ ಏನು ಅಂತ ಯಾರೂ ವಿವರಿಸಲಿಲ್ಲ. ಸುಮ್ನೆ ಭಯಂಕರ ಅಂತ ಗೊತ್ತಾದರೆ ಸಾಕಿತ್ತು. ಮಾರ್ವೆಲ್‌ಗೆ ಅಳತೆಯ ಹುಚ್ಚು ಅದಕ್ಕೂ ಮುಂಚೆಯೇ ಹಿಡಿದಿತ್ತು. 1983ರಲ್ಲಿ ಮಾರ್ಕ್ ಗ್ರುಯೆನ್ವಾಲ್ಡ್ ಮುಂದಾಳತ್ವದಲ್ಲಿ ಪಾತ್ರಗಳ ಅಧಿಕೃತ ಕೈಪಿಡಿ ಶುರುವಾಯಿತು. ಯಾರು ಎಷ್ಟು ಟನ್ ಎತ್ತುತ್ತಾರೆ ಅಂತ ಬರೆದಿಟ್ಟರು. 1990ರ ಸಂಗ್ರಹದ ಕಾರ್ಡುಗಳ ಹಿಂದೆ ಎಷ್ಟು ಕಾದಾಟ, ಎಷ್ಟು ಗೆಲುವು, ಗೆಲುವಿನ ಶೇಕಡಾ ಎಷ್ಟು ಅಂತ ಅಂಕಿ ಬೇರೆ.

ಕೊನೆಗೆ ಒಮೆಗಾಗೆ ಸರಿಯಾದ ವ್ಯಾಖ್ಯೆ ಕೊಟ್ಟದ್ದು 2019ರಲ್ಲಿ, ಜೊನಾಥನ್ ಹಿಕ್‌ಮನ್, 'ಹೌಸ್ ಆಫ್ ಎಕ್ಸ್' ಮೊದಲ ಸಂಚಿಕೆಯಲ್ಲಿ. ಕಥೆಯ ಮಧ್ಯೆ ಸರ್ಕಾರಿ ವರದಿಯಂಥ ಒಂದು ಪುಟ. ಯಾರ ಮುಖ್ಯ ಶಕ್ತಿಗೆ ಮೇಲಿನ ಮಿತಿಯನ್ನೇ ಗುರುತಿಸಲಾಗದೋ ಅವರು ಒಮೆಗಾ. ಪಟ್ಟಿಯಲ್ಲಿ ಮ್ಯಾಗ್ನೀಟೋ, ಸ್ಟಾರ್ಮ್, ಲೀಜಿಯನ್, ಹೋಪ್, ಐಸ್‌ಮ್ಯಾನ್ ಇದ್ದಾರೆ. ಜೀನ್ ಕೂಡ ಇದ್ದಾಳೆ, ಆದರೆ ಯಾವ ಶಕ್ತಿಗೆ? ಮನಸ್ಸು ಓದುವುದಕ್ಕೆ! 1963ರ ಕಥೆಯಲ್ಲಿ ಅವಳಿಗಿದ್ದ ಒಂದೇ ಒಂದು ಶಕ್ತಿ, ವಸ್ತು ಎತ್ತುವುದು, ಅದಕ್ಕೆ ಒಮೆಗಾ ಇಲ್ಲ. ಮೊಟ್ಟಮೊದಲು ಆ ಬಿರುದು ಪಡೆದ ರೇಚಲ್ ಹೆಸರೇ ಇಲ್ಲ. ಪ್ರೊಫೆಸರ್ ಎಕ್ಸ್ ಕೂಡ ಇಲ್ಲ. ಆ ವಾರ ಅಭಿಮಾನಿಗಳು ಹೇಗೆ ಕೂಗಾಡಿರಬೇಡ!

ಅದೇ ಪಟ್ಟಿಯಲ್ಲಿದ್ದ ಫ್ರಾಂಕ್ಲಿನ್ ರಿಚರ್ಡ್ಸ್ ಗತಿ ಕೇಳಿ. ಮಾರ್ವೆಲ್‌ನ ಇನ್ನೊಂದು ತಂಡ ಫೆಂಟಾಸ್ಟಿಕ್ ಫೋರ್‌ನ ದಂಪತಿಯ ಮಗ, ಹೊಸ ವಿಶ್ವಗಳನ್ನೇ ಸೃಷ್ಟಿಸಬಲ್ಲ ಹುಡುಗ. ಮರುವರ್ಷ, 2020ರಲ್ಲಿ, ಅವನು ಮ್ಯೂಟೆಂಟೇ ಅಲ್ಲ, ಅಂದರೆ ಎಕ್ಸ್-ಮೆನ್ ಹಾಗೆ ವಂಶವಾಹಿಯಲ್ಲೇ ಶಕ್ತಿ ಹೊತ್ತು ಹುಟ್ಟಿದವನೇ ಅಲ್ಲ ಅಂತಾಯಿತು. ಮ್ಯೂಟೆಂಟ್ ಆಗಬೇಕು ಅನ್ನುವ ಆಸೆಗೆ ತನ್ನ ಶಕ್ತಿಯಿಂದಲೇ ತನ್ನ ವಂಶವಾಹಿಗಳನ್ನು ಹಾಗೆ ತೋರುವಂತೆ ಮಾಡಿಕೊಂಡಿದ್ದನಂತೆ. ಶಕ್ತಿಯ ಲೆಕ್ಕದಲ್ಲಿ ಫೇಲ್ ಆಗಲಿಲ್ಲ, ಜಾತಿ ಪ್ರಮಾಣಪತ್ರದಲ್ಲಿ ಫೇಲ್ ಆದ. ಸ್ಕಾರ್ಲೆಟ್ ವಿಚ್ ಎಂಬ ಹೆಸರಿನ ವಾಂಡಾ ಕಥೆಯೂ ಅದೇ. 1964ರಲ್ಲಿ ಮ್ಯೂಟೆಂಟ್ ಆಗಿ ಬಂದಳು. 2005ರಲ್ಲಿ ಒಂದೇ ಮಾತಿನಿಂದ ಲಕ್ಷಾಂತರ ಮ್ಯೂಟೆಂಟರ ಶಕ್ತಿ ಅಳಿಸಿದಳು. 2014-15ರಲ್ಲಿ ನೋಡಿದರೆ ಅವಳು ಮ್ಯೂಟೆಂಟೂ ಅಲ್ಲ, ಮ್ಯಾಗ್ನೀಟೋ ಮಗಳೂ ಅಲ್ಲ. ನನಗೆ ಈ ಎರಡೂ ತಿದ್ದುಪಡಿ ಒಗ್ಗಲಿಲ್ಲ. ಇವು ಕಥೆ ಕೇಳಿದ್ದಲ್ಲ, ಆಫೀಸು ಕೇಳಿದ್ದು ಅನ್ನುವ ವಾಸನೆ ಹೊಡೆಯುತ್ತದೆ.

ವುಲ್ವರಿನ್ ಬಗ್ಗೆ ಹೇಳದಿದ್ದರೆ ನನ್ನ ತಮ್ಮ ಈ ವಿಡಿಯೋಗೆ ಡಿಸ್‌ಲೈಕ್ ಒತ್ತುತ್ತಾನೆ. 1974ರಲ್ಲಿ ಅವನನ್ನು ರೂಪಿಸಿದ ಲೆನ್ ವೀನ್ ಮನಸ್ಸಿನಲ್ಲಿ ಆ ಉಗುರುಗಳು ಕೈಗವಸಿನ ಭಾಗ ಅಷ್ಟೇ. ಅವು ಮೈಯೊಳಗಿಂದ ಬರುತ್ತವೆ ಅಂತಾದದ್ದು ಎರಡು ವರ್ಷದ ಮೇಲೆ. ಗಾಯ ಮಾಯುವ ಶಕ್ತಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತಾ ಹೋಗಿ, 2006ರಲ್ಲಿ ಸ್ಫೋಟದಲ್ಲಿ ಬರೀ ಅಸ್ಥಿಪಂಜರ ಉಳಿದರೂ ಎದ್ದು ಬಂದ. ಇಂಥವನು ಸಾಯುತ್ತಾನೆ ಅಂತ ಯಾವ ಓದುಗ ಹೆದರುತ್ತಾನೆ? ಹಾಗಾಗಿ ಆ ಶಕ್ತಿಯನ್ನೇ ಕಿತ್ತುಹಾಕಿ 2014ರಲ್ಲಿ ಸಾಯಿಸಿದರು. ಆಮೇಲೆ ವಾಪಸ್ ಬಂದ, ಅದು ಬಿಡಿ.

ಈಗ ಒಂದು ಪುಟ ಹತ್ತಿರದಿಂದ ತೋರಿಸುತ್ತೇನೆ. 1986ರ ಆರಂಭದ ಸಂಚಿಕೆ, ನಂಬರ್ 201. ಟೀಮಿನ ನಾಯಕ ಯಾರು ಅಂತ ತೀರ್ಮಾನಿಸಲು ಅವರ ತರಬೇತಿ ಕೋಣೆ ಡೇಂಜರ್ ರೂಮಿನಲ್ಲಿ ಪಂದ್ಯ. ಒಂದು ಕಡೆ ಸೈಕ್ಲಾಪ್ಸ್, ಕಣ್ಣಿಂದ ಬೆಟ್ಟ ಒಡೆಯುವವನು. ಇನ್ನೊಂದು ಕಡೆ ಸ್ಟಾರ್ಮ್. ಆದರೆ ಈ ಸ್ಟಾರ್ಮ್‌ಗೆ ಮಳೆಯೂ ಇಲ್ಲ, ಮಿಂಚೂ ಇಲ್ಲ. ಸುಮಾರು ಒಂದೂವರೆ ವರ್ಷ ಹಿಂದೆಯೇ ಒಂದು ಬಂದೂಕಿನ ಹೊಡೆತಕ್ಕೆ ಅವಳ ಶಕ್ತಿ ಪೂರ್ತಿ ಹೋಗಿತ್ತು. ಯಾವ ಕೈಪಿಡಿ, ಯಾವ ಕಾರ್ಡು ತೆಗೆದರೂ ಅವಳ ಅಂಕಿ ಸೊನ್ನೆ. ಅವಳು ಅಡಗುತ್ತಾಳೆ, ಕಾಯುತ್ತಾಳೆ, ಅವನ ಗಮನ ಬೇರೆ ಕಡೆ ಸೆಳೆಯುತ್ತಾಳೆ. ಕೊನೆಗೆ ಅವನ ಮುಖದ ವೈಸರ್ ಅವಳ ಕೈಯಲ್ಲಿ. ಅವನು ಕಣ್ಣು ಬಿಟ್ಟರೆ ಕಟ್ಟಡವೇ ಹೋಗುತ್ತದೆ, ಅದಕ್ಕೆ ಕಣ್ಣು ಬಿಡುವ ಹಾಗಿಲ್ಲ. ಮುಗಿಯಿತು ಪಂದ್ಯ.

ಅದೇ ಸ್ಟಾರ್ಮ್ 2021ರಲ್ಲಿ ಬೇರೆ ಒಮೆಗಾಗಳ ಜೊತೆ ಸೇರಿ ಮಂಗಳ ಗ್ರಹವನ್ನು ಬದುಕಲು ಯೋಗ್ಯ ಮಾಡಿದಳು. ಗ್ರಹಕ್ಕೆ ಹವಾಮಾನ ಕೊಡುವುದು ದೊಡ್ಡ ಮಾತೇ, ಚಿತ್ರಗಳೂ ಅದ್ಭುತ. ಆದರೂ ಯಾವುದನ್ನು ಮತ್ತೆ ಓದಲು ತೆಗೆಯುತ್ತೀಯಾ ಅಂತ ಕೇಳಿದರೆ ನನ್ನ ಕೈ 201ಕ್ಕೇ ಹೋಗುತ್ತದೆ.

ಸರಿ, ಮುಂದಿನ ಬಡ್ತಿ ಯಾರಿಗೆ? ನನ್ನ ಪಣ ಜುಬಿಲಿ ಮೇಲೆ. 1989ರಲ್ಲಿ ಬಂದ ಹಳದಿ ಕೋಟಿನ ಹುಡುಗಿ. ಬೆರಳ ತುದಿಯಿಂದ ಪಟಾಕಿ ಸಿಡಿಸುವುದು ಅವಳ ಶಕ್ತಿ. ಎಲ್ಲರೂ ನಕ್ಕಿದ್ದೇ. 2005ರ ನಂತರ ಆ ಶಕ್ತಿಯೂ ಹೋಯಿತು, ವ್ಯಾಂಪೈರ್ ಆದಳು, 2018ರಲ್ಲಿ ಮತ್ತೆ ಪಟಾಕಿ ಬಂತು. ಆದರೆ ಅವಳು ಮನಸ್ಸು ಮಾಡಿದರೆ ಪರಮಾಣುವಿಗಿಂತ ಸಣ್ಣ ಮಟ್ಟದಲ್ಲೇ ವಸ್ತುವನ್ನು ಸಿಡಿಸಬಲ್ಲಳು ಅನ್ನುವ ಸುಳಿವನ್ನು ಹಳೇ ಬರಹಗಾರರು ಯಾವಾಗಲೋ ಬಿತ್ತಿ ಹೋಗಿದ್ದಾರೆ. ಬಾಬಿಗೂ ಇಂಥದ್ದೇ ಒಂದು ಸಾಲು ಸಾಕಾಗಿತ್ತು. ಯಾರಾದರೂ ಒಬ್ಬ ಹೊಸ ಬರಹಗಾರನ ಕಣ್ಣು ಅದರ ಮೇಲೆ ಬೀಳಬೇಕು, ಅಷ್ಟೇ. ನಿಮ್ಮ ಪಣ ಯಾರ ಮೇಲೆ, ಕೆಳಗೆ ಬರೆಯಿರಿ. ವುಲ್ವರಿನ್ ಅಂತ ಬರೆದರೆ ಅದು ನನ್ನ ತಮ್ಮನೇ ಅಂತ ತಿಳ್ಕೊಳ್ತೀನಿ.